ಪಾಪುವಿಗೆ ಹಸಿವಾದ ಜಾಗ

ನಮ್ಮ ಕಡೆ ಬಾಣಂತಿ ಒಳಗಿರುವುದಕ್ಕೆ ಎಲ್ಲರ ಹತ್ತಿರವೂ ಒಂದು ಲೆಕ್ಕ ಇದೆ. ಎಷ್ಟು ದಿನ ತಲೆಗೆ ಬಟ್ಟೆ ಕಟ್ಟಬೇಕು, ಯಾವಾಗ ತಣ್ಣೀರು ಮುಟ್ಟಬಹುದು, ಯಾವ ತಿಂಗಳಲ್ಲಿ ಹೊಸ್ತಿಲು ದಾಟಬಹುದು, ಎಲ್ಲವನ್ನೂ ಹೇಳಿಕೊಡುವವರು ಇದ್ದಾರೆ. ಹೊಸ್ತಿಲು ದಾಟಿದ ಮೇಲೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮಗುವನ್ನು ಎತ್ತಿಕೊಂಡು ಬಸ್ ಹತ್ತಬೇಕು. ಬ್ಯಾಂಕಿಗೆ ಹೋಗಬೇಕು, ಮದುವೆಗೆ ಹೋಗಬೇಕು, ರಜೆ ಮುಗಿದ ಮೇಲೆ ಕೆಲಸಕ್ಕೂ ಹೋಗಬೇಕು. ಇದರ ನಡುವೆ ಪಾಪುವಿಗೆ ಹಸಿವಾಗುತ್ತದೆ. ಆಗ ಎಲ್ಲಿ ಕೂರುವುದು?

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಹೆತ್ತ ಮೇಲೆ ಒಬ್ಬ ಹೆಂಗಸು ಯಾವಾಗ ಮತ್ತೆ ತನ್ನ ಓಡಾಟ ಶುರು ಮಾಡುತ್ತಾಳೆ, ಎಷ್ಟು ದೂರ ಹೋಗುತ್ತಾಳೆ, ಯಾರ ಜೊತೆ ಹೋಗುತ್ತಾಳೆ ಅನ್ನುವುದನ್ನೆಲ್ಲ ಈ ಪ್ರಶ್ನೆಯೇ ತೀರ್ಮಾನ ಮಾಡುತ್ತದೆ. ಕಳೆದ ಕೆಲವು ತಿಂಗಳಲ್ಲಿ ನನಗೆ ಇದು ಚೆನ್ನಾಗಿ ಅರ್ಥವಾಗಿದೆ.

ನನ್ನ ತವರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಹೆರಿಗೆಗೆ ಅಲ್ಲಿಗೇ ಹೋಗಿದ್ದೆ. ಅಮ್ಮ ಮಾಡಿದ್ದು ಹಳೇ ಕ್ರಮದ ಬಾಣಂತನ. ಬೆಳಗ್ಗೆ ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯಲ್ಲಿ ಕಾದ ನೀರು ಹುಯ್ದು, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು, ಹೊಟ್ಟೆಗೆ ಹಳೇ ಸೀರೆ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದಳು. ಊಟಕ್ಕೆ ಮೆಣಸಿನ ಸಾರು, ತುಪ್ಪ ಹಾಕಿದ ಬಿಸಿ ಅನ್ನ, ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ. ಇದರಲ್ಲಿ ಯಾವುದು ಹಾಲು ಹೆಚ್ಚಿಸುತ್ತದೆ, ಯಾವುದು ಸುಮ್ನೆ ನಂಬಿಕೆ ಅಂತ ವಾದ ಮಾಡುವ ಆಸೆ ನನಗಿಲ್ಲ. ಬೇರೆಯವರು ಅಡುಗೆ ಮಾಡಿ ಬಡಿಸಿ, ‘ನೀನು ಮಲಕ್ಕೋ, ಮಗೂನ ನಾನು ನೋಡ್ಕೋತೀನಿ’ ಅನ್ನುವ ಕಾಲ ಹೆಂಗಸರ ಬದುಕಿನಲ್ಲಿ ಇನ್ನೊಮ್ಮೆ ಬರುವುದು ಕಷ್ಟ. ಆ ಆರೈಕೆಗೆ ನಾನು ಋಣಿ.

ಆ ಮನೆಯಲ್ಲಿ ಹಾಲು ಕುಡಿಸುವುದು ಗುಟ್ಟಿನ ಕೆಲಸವೇ ಆಗಿರಲಿಲ್ಲ. ಪಕ್ಕದ ಮನೆಯವರು ಬರುತ್ತಿದ್ದರು, ದೊಡ್ಡಮ್ಮ ಬರುತ್ತಿದ್ದರು. ಅವರೆಕಾಯಿ ಬಿಡಿಸುತ್ತಾ, ಹೂವು ಕಟ್ಟುತ್ತಾ ಪಕ್ಕದಲ್ಲೇ ಕೂರುತ್ತಿದ್ದರು. ಮಗು ಸರಿಯಾಗಿ ಬಾಯಿ ಹಾಕದಿದ್ದರೆ ಯಾರಾದರೊಬ್ಬರು ಎದ್ದು ಬಂದು ತಲೆ ಸರಿ ಮಾಡುತ್ತಿದ್ದರು. ‘ಬರೀ ತೊಟ್ಟು ಅಲ್ಲ ಕಣೆ, ಸುತ್ತ ಕಪ್ಪು ಇರೋದೂ ಬಾಯೊಳಗೆ ಹೋಗ್ಬೇಕು’ ಅಂತ ದೊಡ್ಡಮ್ಮ ಹೇಳಿದ್ದರು. ಆಮೇಲೆ ಆಸ್ಪತ್ರೆಯ ಸಿಸ್ಟರ್ ಹೇಳಿದ್ದೂ ಅದನ್ನೇ. ಅಪ್ಪ ಒಳಗೆ ಬರುವ ಮುಂಚೆ ಬಾಗಿಲ ಹತ್ತಿರ ಒಂದು ಸಲ ಕೆಮ್ಮುತ್ತಿದ್ದರು. ನಾನು ಸೆರಗು ಎಳೆದುಕೊಳ್ಳುತ್ತಿದ್ದೆ. ಅವರು ಗೂಡಿನಲ್ಲಿದ್ದ ಕನ್ನಡಕ ತೆಗೆದುಕೊಂಡು ತೋಟಕ್ಕೆ ಹೋಗುತ್ತಿದ್ದರು. ಯಾರಿಗೂ ಮುಜುಗರ ಇರಲಿಲ್ಲ.

ಹೊರಗೆ ಮೊದಲ ಸಲ ಹಾಲು ಕುಡಿಸಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಬೇಕಲ್ಲ, ತಾಯಿ ಕಾರ್ಡ್ ಹಿಡಿದು ಒಂದು ಗುರುವಾರ ಹೋದೆವು. ವರಾಂಡದ ಬೆಂಚಿನ ತುಂಬ ತಾಯಂದಿರು, ಅಜ್ಜಿಯರು. ಆ ವಯಸ್ಸಿಗೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ ವೈರಸ್, ನ್ಯುಮೋಕಾಕಲ್ ಅಂತ ಸಾಲಾಗಿ ಇವೆ. ಕೆಲವು ಬಾಯಿಗೆ ಹನಿ, ಕೆಲವು ಚುಚ್ಚುಮದ್ದು. ನನ್ನ ಸರದಿ ಬಂದಾಗ ಸಿಸ್ಟರ್, ‘ಎದೆಗೆ ಹಾಕ್ಕೊಳಮ್ಮ, ಅದು ಕುಡೀತಾ ಇರ್ಲಿ, ನಾನು ಚುಚ್ತೀನಿ’ ಅಂದರು. ಪಾಪು ಒಂದು ಸಲ ಕಿರುಚಿದಳು. ಮತ್ತೆ ಕುಡಿಯುವುದಕ್ಕೆ ಶುರು ಮಾಡಿದಳು. ಚುಚ್ಚುವಾಗ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಎದೆಹಾಲು ಕೊಟ್ಟರೆ ಮಗುವಿಗೆ ನೋವು ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಸಲಹೆ ಕೊಟ್ಟಿದೆ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಆ ಅರ್ಧ ಗಂಟೆ ವರಾಂಡದಲ್ಲಿ ನಾವೆಲ್ಲ ಹಾಲು ಕುಡಿಸುತ್ತಾ ಕೂತಿದ್ದೆವು. ಗಂಡಸರೂ ಇದ್ದರು. ಮಗುವನ್ನು ಕರೆತಂದ ಅಪ್ಪಂದಿರು, ಬಿಪಿ ಮಾತ್ರೆಗೆ ಬಂದ ಮುದುಕರು, ಆಟೋದವರು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ನೋಡಬಾರದು ಅಂತ ಕಷ್ಟಪಟ್ಟು ಮುಖ ತಿರುಗಿಸಿಕೊಂಡೂ ಇರಲಿಲ್ಲ. ಅವರವರ ಪಾಡಿಗೆ ಅವರಿದ್ದರು.

ಅದೇ ಬೆಂಚಿನ ಮೇಲೆ ನನಗೆ ಧೈರ್ಯ ಬಂತು ಅನ್ನಬೇಕು.

ಈಗ ಲೆಕ್ಕಕ್ಕೆ ಬರೋಣ. ಎಳೆ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಎದೆಹಾಲು ಕುಡಿಯುತ್ತದೆ. ಅಂದರೆ ಎರಡು, ಹೆಚ್ಚೆಂದರೆ ಮೂರು ಗಂಟೆಗೊಮ್ಮೆ. ಈ ಗಂಟೆಗಳನ್ನು ಒಂದು ಸಲ ಕುಡಿಯಲು ಶುರು ಮಾಡಿದಾಗಿನಿಂದ ಮುಂದಿನ ಸಲ ಶುರು ಮಾಡುವವರೆಗೆ ಎಣಿಸಬೇಕು. ಕುಡಿಯುವುದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ತೇಗು ಬರಿಸಬೇಕು, ಬಟ್ಟೆ ಬದಲಿಸಬೇಕು. ಇನ್ನು ಉಳಿಯುವುದು ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಒಂದೂವರೆ ಗಂಟೆಯಲ್ಲಿ ಏನು ಮಾಡಿ ಬರಬಹುದು? ರಾಜಾಜಿನಗರದಿಂದ ಜಯನಗರಕ್ಕೆ ಹೋಗುವಷ್ಟರಲ್ಲಿ ಅರ್ಧ ಸಮಯ ಟ್ರಾಫಿಕ್ಕಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಟೋಕನ್ ತಗೊಂಡು ಕೂತರೆ ಉಳಿದದ್ದೂ ಹೋಯಿತು. ಹೊರಗೆ ಹಾಲು ಕುಡಿಸಬಾರದು ಅಂದರೆ ಹೊರಗೆ ಬರಲೇಬಾರದು ಅಂತಲೇ ಅರ್ಥ. ಬಾಯಿಬಿಟ್ಟು ಯಾರೂ ಹಾಗೆ ಹೇಳುವುದಿಲ್ಲ. ‘ಇಷ್ಟು ಚಿಕ್ಕ ಮಗೂನ ಯಾಕೆ ಕರ್ಕೊಂಡು ಬಂದೆ?’ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಮಗುವನ್ನು ಬಿಟ್ಟು ಹೋದರೆ, ‘ಅಯ್ಯೋ, ಮಗೂನ ಬಿಟ್ಟು ಬಂದ್ಯಾ?’ ಅಂತಲೂ ಅವರೇ ಕೇಳುತ್ತಾರೆ.

ಬಾಟಲಿಗೆ ಹಾಕಿಕೊಂಡು ಹೋಗು ಅನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಹಿಂಡಿದ ಎದೆಹಾಲು ಕೋಣೆಯ ಸಾಮಾನ್ಯ ಬಿಸಿಯಲ್ಲಿ ಸುಮಾರು ನಾಲ್ಕು ಗಂಟೆ ಇರುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬಸ್ಸಿನಲ್ಲಿ ಬ್ಯಾಗಿನೊಳಗೆ ಅದನ್ನು ನಂಬುವ ಹಾಗಿಲ್ಲ. ಬಾಟಲಿಯನ್ನು ಕುದಿಸಿ ತೊಳೆಯಬೇಕು. ಅದಕ್ಕಿಂತ ದೊಡ್ಡ ವಿಷಯ, ಮಗು ಬಾಟಲಿಯಲ್ಲಿ ಕುಡಿದರೂ ನಮ್ಮ ಎದೆ ತುಂಬುವುದು ನಿಲ್ಲುವುದಿಲ್ಲ. ಹೊತ್ತಿಗೆ ಸರಿಯಾಗಿ ಖಾಲಿಯಾಗದಿದ್ದರೆ ಎದೆ ಕಟ್ಟಿಕೊಳ್ಳುತ್ತದೆ, ಕಲ್ಲಿನಂತಾಗುತ್ತದೆ, ಜ್ವರವೂ ಬರಬಹುದು. ಖಾಲಿಯಾದಷ್ಟೂ ಹಾಲು ತಯಾರಾಗುತ್ತದೆ, ಹಾಗೇ ಉಳಿದರೆ ತಯಾರಾಗುವುದೂ ಕಡಿಮೆಯಾಗುತ್ತದೆ. ನಾಲ್ಕು ಜನರ ಮುಂದೆ ಸಂಕೋಚಪಟ್ಟು ಒಂದೊಂದೇ ಹೊತ್ತು ತಪ್ಪಿಸುತ್ತಾ ಹೋದ ತಾಯಿಗೆ ಕೊನೆಗೆ ‘ನಿಂಗೆ ಹಾಲೇ ಸಾಲ್ತಿಲ್ಲ’ ಅಂತ ಹೇಳಿ ಡಬ್ಬಿ ಹಾಲು ತರಿಸುತ್ತಾರೆ. ಶಿಶುಗಳ ಡಬ್ಬಿ ಹಾಲಿಗೆ ಮತ್ತು ಹಾಲು ಕುಡಿಸುವ ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ ಅಂತ ನಮ್ಮ ದೇಶದಲ್ಲಿ 1992ರಲ್ಲೇ ಕಾನೂನಾಗಿದೆ. ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಅಂತ ಅಚ್ಚು ಹಾಕಿಸಲೇಬೇಕು. ಆದರೆ ಜಾಹೀರಾತಿನ ಕೆಲಸವನ್ನು ನಮ್ಮ ನಾಚಿಕೆಯೇ ಮಾಡಿಬಿಡುತ್ತದೆ. ಡಬ್ಬಿ ಹಾಲು ನಿಜಕ್ಕೂ ಬೇಕಾದ ತಾಯಂದಿರು, ಮಕ್ಕಳು ಇದ್ದಾರೆ. ಅವರ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ಕೂರಲು ಜಾಗ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಎದೆಹಾಲು ನಿಂತುಹೋಗುವುದು ನನಗೆ ಸಂಕಟ ತರುತ್ತದೆ.

ತಿಪಟೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಬಂದೆವು. ಮಧ್ಯಾಹ್ನದ ಹೊತ್ತು, ಜನರಲ್ ಬೋಗಿ, ಸೆಕೆ. ಗುಬ್ಬಿ ದಾಟುವಷ್ಟರಲ್ಲಿ ಪಾಪು ಅಳಲು ಶುರು ಮಾಡಿದಳು. ನನ್ನ ಗಂಡ ಬಾಗಿಲ ಹತ್ತಿರ ಎತ್ತಿಕೊಂಡು ಓಡಾಡಿಸಿದ, ಗಿಲಕಿ ಆಡಿಸಿದ. ಎದುರಿನ ಸೀಟಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಒಬ್ಬ ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ‘ಯಾಕವ್ವ ಅಳುಸ್ತೀಯ, ಮೊಲೆ ಕೊಡು. ಯಾರವ್ರೆ ಇಲ್ಲಿ, ನಾವೇ ತಾನೆ’ ಅಂದರು. ಬೋಗಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆದರೂ ಅವರು ಹೇಳಿದ ರೀತಿಯಲ್ಲಿ ನಿಜಕ್ಕೂ ನಾವಷ್ಟೇ ಇದ್ದ ಹಾಗಾಯಿತು. ಕಿಟಕಿಯ ಪಕ್ಕ ಕೂತಿದ್ದ ಹುಡುಗನಿಗೆ, ‘ಏಳಪ್ಪ, ಬಾಣಂತಿ ಕೂತ್ಕೊಳ್ಲಿ’ ಅಂದರು. ಅವನು ಎದ್ದ. ಮೂಲೆ ಸಿಕ್ಕಿತು, ಗಾಳಿ ಸಿಕ್ಕಿತು.

ಆ ಅಜ್ಜಿಯೇ ಆಮೇಲೆ, ‘ಸೆಕೆಗೆ ಒಂದೆರಡು ಚಮಚ ನೀರು ಹಾಕು, ಗಂಟ್ಲು ಒಣಗಿರ್ತೈತೆ’ ಅಂದರು. ಇದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಪ್ರಯಾಣದಲ್ಲಿ ಎಲ್ಲರೂ ಹೇಳುವ ಮಾತು ಇದು. ಎದೆಹಾಲಿನಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ನೀರೇ ಇದೆ. ಆರು ತಿಂಗಳು ತುಂಬುವವರೆಗೆ, ಎಂಥ ಬೇಸಿಗೆಯಲ್ಲೂ, ಮಗುವಿಗೆ ಬೇರೆ ನೀರು ಬೇಡ. ಸಕ್ಕರೆ ನೀರೂ ಬೇಡ, ಜೇನುತುಪ್ಪ ಅಂತೂ ಖಂಡಿತ ಬೇಡ. ಪುಟ್ಟ ಹೊಟ್ಟೆಗೆ ನೀರು ತುಂಬಿದರೆ ಹಾಲಿಗೆ ಜಾಗ ಎಲ್ಲಿ? ಹೊರಗಿನ ನೀರಾದರೆ ಭೇದಿಯ ಭಯ ಬೇರೆ. ನೀರು ಬೇಕಾಗಿರುವುದು ತಾಯಿಗೆ. ಹಾಲು ಇಳಿಯಲು ಶುರುವಾದ ಕೂಡಲೇ ನನಗೆ ಬಾಯಾರಿಕೆ ಆಗುತ್ತದೆ. ಹಾಗಾಗಿ ನನ್ನ ಬ್ಯಾಗಿನಲ್ಲಿ ಡೈಪರ್ ಮರೆತರೂ ನೀರಿನ ಬಾಟಲಿ ಮರೆಯುವುದಿಲ್ಲ.

(ನಾಮಕರಣಕ್ಕೆ ಬಂದ ಉಡುಗೊರೆಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅತ್ತಿಗೆ ಕೊಟ್ಟ ಕಾಟನ್ ಕುರ್ತಾಗಳು. ಎರಡೂ ಪಕ್ಕ ಹೊಲಿಗೆಯಲ್ಲಿ ಮುಚ್ಚಿಹೋಗುವ ಜಿಪ್ ಇದೆ. ಮೇಲೊಂದು ತೆಳು ದುಪಟ್ಟ ಇದ್ದರೆ ಸಾಕು. ಕುತ್ತಿಗೆಗೆ ಕಟ್ಟಿಕೊಳ್ಳುವ ದೊಡ್ಡ ಹೊದಿಕೆ ನನಗೆ ಹಿಡಿಸಲಿಲ್ಲ. ಒಳಗೆ ಮಗು ಬೆವರುತ್ತದೆ, ಕಾಲಿನಿಂದ ಒದ್ದು ತೆಗೆಯುತ್ತದೆ. ಸೀರೆ ಉಟ್ಟವರಿಗೆ ಇದ್ಯಾವುದೂ ಬೇಡ, ಸೆರಗೇ ಸಾಕು. ಬಾಣಂತಿಗೆ ಬಟ್ಟೆ ಕೊಡುವವರು ದಯವಿಟ್ಟು ಮುಂದೆ ಬಿಚ್ಚುವಂಥದ್ದನ್ನೇ ಕೊಡಿ.)

ಬೆಂಗಳೂರಿಗೆ ಬಂದ ಮೇಲೆ ವಿಷಯ ಬೇರೆಯಾಯಿತು. ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದೆವು. ಹೆಸರು ಬೇಡ. ಪಾಪು ಅತ್ತಳು. ‘ಎಲ್ಲಾದರೂ ಕೂತು ಹಾಲು ಕುಡಿಸಬಹುದಾ?’ ಅಂತ ಕೇಳಿದೆ. ಫ್ಲೋರ್ ಮ್ಯಾನೇಜರ್ ತುಂಬ ಮರ್ಯಾದೆಯಿಂದಲೇ ಟಾಯ್ಲೆಟ್ಟಿನ ಕಡೆ ಕೈ ತೋರಿಸಿದರು. ಹೋಗಿ ನೋಡಿದೆ. ನೆಲ ಒದ್ದೆ, ಕೂರಲು ಏನೂ ಇಲ್ಲ, ಫಿನಾಯಿಲ್ ವಾಸನೆ. ವಾಪಸ್ ಬಂದು, ಸೀರೆ ವಿಭಾಗದಲ್ಲಿ ಗಿರಾಕಿಗಳಿಗೆ ಹಾಕಿರುವ ಕುರ್ಚಿಯಲ್ಲಿ ಕೂತೆ. ದುಪಟ್ಟ ಹಾಕಿಕೊಂಡೆ. ಪಾಪು ಬಾಯಿ ಹಾಕಿದಳು. ಆದರೆ ಹಾಲು ಇಳಿಯಲಿಲ್ಲ. ಸ್ವಲ್ಪ ದೂರದಲ್ಲಿ ಒಬ್ಬರು ನಿಂತು ನೋಡುತ್ತಲೇ ಇದ್ದರು.

ಅಂಥ ನೋಟ ಮನಸ್ಸಿಗೆ ಮಾತ್ರ ತಟ್ಟುವುದಲ್ಲ, ಮೈಗೂ ತಟ್ಟುತ್ತದೆ. ಮಗು ಚೀಪಿದಾಗ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬರುತ್ತದೆ. ಹಾಲಿನ ಚೀಲಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಅದು ಹಿಂಡುತ್ತದೆ. ಆಗ ಹಾಲು ಇಳಿಯುತ್ತದೆ. ಮಗುವಿನ ಮುಖ ನೋಡಿದರೆ, ಅಳು ಕೇಳಿದರೆ, ಕೆಲವು ಸಲ ಬೇರೆಯವರ ಮಗು ಅತ್ತರೂ ಎದೆ ಜುಮ್ ಅಂದು ರವಿಕೆ ಒದ್ದೆಯಾಗುತ್ತದೆ. ಹೆದರಿಕೆ, ನಾಚಿಕೆ, ನೋವು, ಗಾಬರಿ ಇದ್ದರೆ ಆ ಹಾರ್ಮೋನು ತಡವಾಗುತ್ತದೆ. ಎದೆಯಲ್ಲಿ ಹಾಲಿದೆ, ಮಗುವಿನ ಬಾಯಿಗೆ ಬರುವುದಿಲ್ಲ. ಮಗು ಬಾಯಿ ಬಿಟ್ಟು ಮತ್ತೆ ಅಳುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ. ಗಾಬರಿ ಇನ್ನೂ ಹೆಚ್ಚುತ್ತದೆ. ‘ನೋಡಿದರೆ ಏನಂತೆ, ನೀನು ಕುಡಿಸು’ ಅಂತ ಧೈರ್ಯ ಹೇಳುವವರಿಗೆ ಇದು ತಿಳಿದಿರಬೇಕು. ಆ ಒಬ್ಬ ಮನುಷ್ಯನ ನೋಟ ನನ್ನ ಮಗುವಿನ ಬಾಯಿಗೆ ಹೋಗುವ ಹಾಲನ್ನು ತಡೆದಿತ್ತು.

ಆಗ ಸೀರೆ ತೋರಿಸುತ್ತಿದ್ದ ಹುಡುಗಿ ಬಂದಳು. ಏನೂ ಮಾತಾಡಲಿಲ್ಲ. ಒಂದು ಸ್ಟೂಲ್ ಎಳೆದು ತಂದು, ನನಗೂ ಆ ನೋಟಕ್ಕೂ ನಡುವೆ ಬೆನ್ನು ಹಾಕಿ ಕೂತಳು. ಮಡಿಚಬೇಕಾದ ಸೀರೆಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದಾಗಿ ಮಡಿಚತೊಡಗಿದಳು. ‘ಎಷ್ಟು ತಿಂಗಳು ಅಕ್ಕ?’ ಅಂತ ಕೇಳಿದಳು. ತನ್ನ ಮಗುವನ್ನು ಊರಿನಲ್ಲಿ ಅಮ್ಮನ ಹತ್ತಿರ ಬಿಟ್ಟಿದ್ದೇನೆ ಅಂದಳು. ಬಿಟ್ಟು ಬಂದ ಹೊಸತರಲ್ಲಿ ಕೆಲಸದ ಮಧ್ಯೆ ಬಾತ್‌ರೂಮಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದಳಂತೆ. ‘ನೋವು ತಡಿಯಕ್ಕೆ ಆಗ್ತಿರ್ಲಿಲ್ಲ ಅಕ್ಕ’ ಅಂದಳು. ಅಷ್ಟರಲ್ಲಿ ನನಗೆ ಹಾಲು ಇಳಿದಿತ್ತು. ಆ ಅಂಗಡಿಯಲ್ಲಿ ನನಗೆ ಜಾಗ ಮಾಡಿಕೊಟ್ಟಿದ್ದು ಹಾಲೂಡಿಸುವ ಕೋಣೆಯಲ್ಲ, ಒಬ್ಬ ಹೆಂಗಸಿನ ಬೆನ್ನು. ಮತ್ತು ಅವಳಿಗೆ ಅಂಥ ಬೆನ್ನು ಯಾವತ್ತೂ ಸಿಕ್ಕಿರಲಿಲ್ಲ. ಇದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಮದುವೆ ಮನೆಗಳಲ್ಲಿ ಈ ತೊಂದರೆ ಇಲ್ಲ. ಕಲ್ಯಾಣ ಮಂಟಪದಲ್ಲಿ ಹುಡುಗಿಯ ಕಡೆಯ ರೂಮು ಅಂತ ಒಂದು ಇರುತ್ತದಲ್ಲ, ಹಾಲು ಕುಡಿಸುವವರೆಲ್ಲ ಅಲ್ಲೇ. ಸೂಟ್‌ಕೇಸ್‌ಗಳು, ಮಲ್ಲಿಗೆ ಮೊಗ್ಗಿನ ಕುಕ್ಕೆ, ಸೇಫ್ಟಿ ಪಿನ್ ಹುಡುಕುವವರು, ಮಧ್ಯದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತ ನಾವು. ಮೊದಲ ಬಾಣಂತನದವಳು, ಎರಡನೆಯ ಬಾಣಂತನದವಳು, ಎಲ್ಲ ಮುಗಿಸಿದ ಅತ್ತೆಯರು ಒಟ್ಟಿಗೆ ಸೇರಿ ಅಲ್ಲಿ ಆಡುವ ಮಾತುಗಳು ನನಗೆ ಎಷ್ಟೋ ಡಾಕ್ಟರ ಸಲಹೆಗಿಂತ ಸಮಾಧಾನ ಕೊಟ್ಟಿವೆ. ಆದರೆ ಊಟದ ಎರಡನೇ ಪಂಕ್ತಿ, ಧಾರೆಯ ಮುಹೂರ್ತ ಎರಡೂ ತಪ್ಪುತ್ತವೆ, ಅದೂ ನಿಜ.

ಹೊರಗೆ ಕೂತು ಹಾಲು ಕುಡಿಸುವುದು ಹೊಸ ಕಾಲದ ಹೆಂಗಸರ ಹಟ ಅಂತ ಕೆಲವರು ಮಾತಾಡುತ್ತಾರೆ. ನಮ್ಮ ಬೀದಿಯಲ್ಲೇ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಹೆಂಗಸರು ಇಟ್ಟಿಗೆ ಹೊರುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮರಳಿನ ಗುಡ್ಡೆಯ ಪಕ್ಕ ಕೂತು ಮಗುವಿಗೆ ಎದೆ ಕೊಡುತ್ತಾರೆ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರು ಒಂದು ಕೈಯಲ್ಲಿ ಕಟ್ಟು ಎಣಿಸುತ್ತಾ ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದಿರುತ್ತಾರೆ. ಗದ್ದೆಯ ಬದುವಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಇದು ಯಾವತ್ತೂ ನಡೆದುಕೊಂಡೇ ಬಂದಿದೆ. ಬಾಗಿಲು ಹಾಕಿಕೊಳ್ಳುವುದನ್ನು ಕಲಿತದ್ದು ಬಾಗಿಲು ಇದ್ದವರು ಮಾತ್ರ.

ಹಾಗಂತ ಅವರ ಬದುಕು ಚೆಂದ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಬೇರೆ ದಾರಿ ಇಲ್ಲ. ನೆರಳಿಲ್ಲ, ರಜೆ ಇಲ್ಲ, ಹಾಲು ಕುಡಿಸಿದ ಹೊತ್ತಿಗೆ ಕೂಲಿ ಇಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಟ್ಟಡ ಕಾಮಗಾರಿಯಲ್ಲಿ ಮಕ್ಕಳಿಗೆ ಕೋಣೆ ಇರಬೇಕು ಅಂತ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಆದರೆ ಬೀದಿಬೀದಿಯಲ್ಲಿ ಏಳುತ್ತಿರುವ ಸಣ್ಣ ಕಟ್ಟಡಗಳಲ್ಲಿ ಅಷ್ಟು ಜನ ಹೆಂಗಸರು ಎಲ್ಲಿರುತ್ತಾರೆ? ಕಾನೂನು ಅವರ ಪಕ್ಕದಲ್ಲೇ ಹಾದು ಹೋಗುತ್ತದೆ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆ ತಂದಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದು ಅದರ ಗುರಿ. ನಗರದ ಕೂಲಿ ಹೆಂಗಸಿಗೆ ಅಂಥದ್ದು ಒಂದು ಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ.

ಕೋಣೆಗಳ ವಿಷಯ. ಪಕ್ಕದ ತಮಿಳುನಾಡಿನಲ್ಲಿ 2015ರ ಆಗಸ್ಟ್‌ನಲ್ಲಿ, ಜಯಲಲಿತಾ ಮುಖ್ಯಮಂತ್ರಿಯಾಗಿದ್ದಾಗ, ಬಸ್ ನಿಲ್ದಾಣಗಳಲ್ಲಿ ಹಾಲೂಡಿಸುವ ಕೋಣೆಗಳನ್ನು ಒಟ್ಟಿಗೆ ತೆರೆದರು. ನಮ್ಮಲ್ಲೂ ಕೆಲವು ನಿಲ್ದಾಣಗಳಲ್ಲಿ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ. ದುಡ್ಡಿನ ಯೋಚನೆ ಇಲ್ಲದೆ ಮಗುವನ್ನು ಎತ್ತಿಕೊಂಡು ತವರಿಗೆ, ಆಸ್ಪತ್ರೆಗೆ ಹೊರಡುವ ತಾಯಂದಿರನ್ನು ನಾನೇ ಬಸ್ಸಿನಲ್ಲಿ ನೋಡುತ್ತೇನೆ. ಹಾಗಿರುವಾಗ ಪ್ರತಿ ನಿಲ್ದಾಣದಲ್ಲೂ ಒಂದು ಕೋಣೆ ಇರಬೇಡವಾ? ನಾನು ಹೋದ ಒಂದು ನಿಲ್ದಾಣದಲ್ಲಿ ಕೋಣೆ ಇತ್ತು, ಬಾಗಿಲ ಮೇಲೆ ತಾಯಿ ಮಗುವಿನ ಚಿತ್ರವೂ ಇತ್ತು. ಬೀಗ ಹಾಕಿತ್ತು. ಕೀ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಅಳುವ ಮಗುವನ್ನು ಎತ್ತಿಕೊಂಡು ಕೀ ಹುಡುಕುವುದು ಆಗುವ ಮಾತಲ್ಲ. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕುಡಿಸಿದೆ. ಆಮೇಲೆ ಅಲ್ಲಿನ ಅಧಿಕಾರಿಗೆ ಒಂದು ಚೀಟಿ ಬರೆದುಕೊಟ್ಟು ಬಂದೆ.

ಕೋಣೆ ಬೇಕು. ಸಿಸೇರಿಯನ್ ಆಗಿ ಕೂರಲು ಕಷ್ಟ ಆಗುವವರಿಗೆ, ಹಾಲು ಹಿಂಡಬೇಕಾದವರಿಗೆ, ಅವಳಿ ಮಕ್ಕಳಿರುವವರಿಗೆ, ಮರೆಯೇ ಬೇಕು ಅನ್ನುವವರಿಗೆ ಅದು ಬೇಕೇ ಬೇಕು. ನನ್ನ ಭಯ ಒಂದೇ. ‘ಅಲ್ಲಿ ರೂಮ್ ಇದೆಯಲ್ಲ, ಇಲ್ಲಿ ಯಾಕೆ ಕೂತ್ರಿ?’ ಅಂತ ಕೇಳುವುದಕ್ಕೆ ಆ ಕೋಣೆ ನೆಪ ಆಗಬಾರದು. ಮಗುವಿನ ಹಸಿವು ಮೂರನೇ ಮಹಡಿಯ ಎಡ ಮೂಲೆ ಹುಡುಕಿಕೊಂಡು ಹೋಗುವುದಿಲ್ಲ.

ಈ ವಿಷಯದಲ್ಲಿ ನ್ಯಾಯಾಲಯಗಳು ಸ್ಪಷ್ಟವಾಗಿ ಮಾತಾಡಿವೆ ಅನ್ನುವುದು ನನಗೆ ದೊಡ್ಡ ಸಮಾಧಾನ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಒಂದು ತೀರ್ಪು ಕೊಟ್ಟರು. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿ ಬೇರೆಯವರ ಮನೆಯಲ್ಲಿ ಬೆಳೆಯುತ್ತಿದ್ದ ಮಗುವಿನ ಪ್ರಕರಣ ಅದು. ಹೆತ್ತ ತಾಯಿಗೆ ಮಗು ಸಿಗಬೇಕು ಅಂತ ಹೇಳುವಾಗ, ಹಾಲೂಡಿಸುವುದು ತಾಯಿಯಿಂದ ಯಾರೂ ಕಿತ್ತುಕೊಳ್ಳಲಾಗದ ಹಕ್ಕು, ಅದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲಿ ಬರುತ್ತದೆ, ಹಾಲು ಕುಡಿಯುವುದು ಮಗುವಿನ ಹಕ್ಕು ಕೂಡ ಅಂತ ಬರೆದರು. ಸಾಕಿದ ತಾಯಿಗೂ ಮಗುವನ್ನು ಬಂದು ನೋಡುವ ಅವಕಾಶವನ್ನು ಹೆತ್ತ ತಾಯಿ ತಾನಾಗಿಯೇ ಕೊಟ್ಟಳು. ಅದನ್ನು ಓದಿದಾಗ ನನಗೆ ಕಣ್ಣು ತುಂಬಿತ್ತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೋಣೆ, ಶಿಶುಪಾಲನಾ ಜಾಗ ಇರಬೇಕು ಅಂತ ಕೇಂದ್ರ ಸರ್ಕಾರ 2024ರಲ್ಲಿ ಕೊಟ್ಟಿದ್ದ ಸಲಹೆಯನ್ನು ರಾಜ್ಯಗಳು ಜಾರಿಗೆ ತರಬೇಕು ಅಂದಿತು. ಹೊಸ ಕಟ್ಟಡವಾದರೆ ನಕ್ಷೆ ಮಾಡುವಾಗಲೇ ಜಾಗ ಬಿಡಬೇಕು. ಅದರ ಜೊತೆಗೆ, ಸಾರ್ವಜನಿಕ ಜಾಗದಲ್ಲಿ, ಕೆಲಸದ ಜಾಗದಲ್ಲಿ ಹಾಲೂಡಿಸುವುದನ್ನು ಕಳಂಕದ ಹಾಗೆ ನೋಡಬಾರದು ಅಂತಲೂ ಹೇಳಿತು. ಕೋಣೆ ಕಟ್ಟಿ ಅಂತಷ್ಟೇ ಹೇಳಿ ನಿಲ್ಲಿಸಲಿಲ್ಲ. ನನಗೆ ಬೇಕಾಗಿದ್ದದ್ದು ಆ ಎರಡನೆಯ ಮಾತು.

ಇನ್ನು ಕೆಲಸಕ್ಕೆ ವಾಪಸ್ ಹೋದದ್ದು. ನಾನು ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇದೆ. ಆರು ತಿಂಗಳು ಬರೀ ಎದೆಹಾಲು ಕೊಡಿ ಅನ್ನುವ ಸಲಹೆಗೂ ಇದಕ್ಕೂ ಸರಿಹೋಗುತ್ತದೆ ಅಂತ ಕಾಗದದ ಮೇಲೆ ಕಾಣುತ್ತದೆ. ಆದರೆ ಹೆರಿಗೆಗೆ ಮುಂಚೆ ರಜೆ ಶುರು ಮಾಡಿದವರಿಗೆ ಮಗುವಿಗೆ ಐದು ತಿಂಗಳಾಗುವಷ್ಟರಲ್ಲಿ ರಜೆ ಮುಗಿಯುತ್ತದೆ. ನನಗೆ ಆದದ್ದೂ ಅದೇ. ಉಳಿದ ದಿನಗಳಿಗೆ ಏನು ಮಾಡಬೇಕು?

1961ರ ಹೆರಿಗೆ ಸೌಲಭ್ಯ ಕಾಯ್ದೆಯ 11ನೇ ಸೆಕ್ಷನ್ ಬಗ್ಗೆ ನನ್ನ ಜೊತೆ ಕೆಲಸ ಮಾಡುವ ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನ ಆಡಳಿತದವರೂ ಕೇಳಿರಲಿಲ್ಲ. ಮಗುವಿಗೆ 15 ತಿಂಗಳು ಆಗುವವರೆಗೆ, ಸಾಮಾನ್ಯ ವಿರಾಮ ಬಿಟ್ಟು, ಹಾಲೂಡಿಸಲು ದಿನಕ್ಕೆ ಇನ್ನೆರಡು ಬಿಡುವು ಕೊಡಬೇಕು ಅಂತ ಅದರಲ್ಲಿತ್ತು. 2025ರ ನವೆಂಬರ್‌ನಲ್ಲಿ ಅದರ ಬದಲಿಗೆ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಹಾಗೇ ಉಳಿದಿದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು. ನಮ್ಮಲ್ಲಿ ಅಷ್ಟು ಜನ ಇಲ್ಲ. ಆದರೆ ಎರಡು ಬಿಡುವು ನನಗೆ ಸಿಗಲೇಬೇಕು. ಆ ಪುಟದ ಪ್ರಿಂಟ್ ತೆಗೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದೆ. ‘ಮೇಡಂ, ಇದನ್ನೆಲ್ಲ ಟೈಮ್ ಟೇಬಲ್‌ನಲ್ಲಿ ಹೇಗೆ ಹಾಕೋದು?’ ಅಂದರು. ಹೇಗೆ ಅಂತ ನಾನೇ ಬರೆದುಕೊಂಡು ಹೋಗಿದ್ದೆ. ಎರಡನೇ ಪೀರಿಯಡ್ ಆದ ಮೇಲೆ ಒಂದು, ಮಧ್ಯಾಹ್ನ ಕೊನೆಯ ಪೀರಿಯಡ್‌ಗೆ ಮುಂಚೆ ಒಂದು. ಅತ್ತೆ ಆಟೋದಲ್ಲಿ ಪಾಪುವನ್ನು ಕರೆತರುತ್ತಾರೆ. ನಮ್ಮ ಅತ್ತೆಗೆ ಮಂಡಿ ನೋವು. ಆದರೂ ಒಂದು ದಿನ ತಪ್ಪಿಸಲಿಲ್ಲ. ‘ನನ್ನ ಕಾಲದಲ್ಲಿ ಕೇಳೋಕೆ ಬಾಯೇ ಇರ್ಲಿಲ್ಲ, ನೀನು ಕೇಳು’ ಅಂತ ಹೇಳಿ ಕಳುಹಿಸಿದವರೂ ಅವರೇ.

ಶುರುವಿನಲ್ಲಿ ಸ್ಟಾಫ್ ರೂಮಿನಲ್ಲೇ, ಕಿಟಕಿಗೆ ಮುಖ ಮಾಡಿಕೊಂಡು ಕುಡಿಸುತ್ತಿದ್ದೆ. ಗಂಡಸು ಲೆಕ್ಚರರ್‌ಗಳು ಮೊದಮೊದಲು ಎದ್ದು ಹೊರಗೆ ಹೋಗುತ್ತಿದ್ದರು. ಪಾಪ, ಮಳೆಯಲ್ಲೂ ವರಾಂಡದಲ್ಲಿ ನಿಲ್ಲುತ್ತಿದ್ದರು. ‘ಸರ್, ಬೇಡ, ಕೂತ್ಕೊಳಿ, ನಿಮ್ಮ ಪೇಪರ್ ತಿದ್ದಿ’ ಅಂದೆ. ಆಮೇಲೆ ಕೂತರು. ಈಗ ಪಾಪು ಬಂದ ಕೂಡಲೇ ಫಿಸಿಕ್ಸ್ ಸರ್ ಫ್ಯಾನ್ ಕಡಿಮೆ ಮಾಡುತ್ತಾರೆ. ತಿಪಟೂರಿನ ಆಸ್ಪತ್ರೆ ವರಾಂಡದಲ್ಲಿ ಸಿಕ್ಕಿದ್ದು ನನಗೆ ಇಲ್ಲೂ ಸಿಕ್ಕಿತು. ಆದರೆ ಎಲ್ಲರಿಗೂ ಹಾಗೆ ಕೂರಲು ಆಗುವುದಿಲ್ಲ. ಹಾಲು ಹಿಂಡಬೇಕಾದವರಿಗೆ ಅಂತೂ ಬಾಗಿಲು ಬೇಕು. ಅದಕ್ಕೆ ಲ್ಯಾಬಿನ ಪಕ್ಕ ಹಳೇ ಉತ್ತರ ಪತ್ರಿಕೆ ತುಂಬಿದ್ದ ಕೋಣೆ ಕೇಳಿದೆವು. ಕೇಳಿದ್ದು ನಾನೊಬ್ಬಳೇ ಅಲ್ಲ, ಹೆಂಗಸರು ಎಲ್ಲರೂ ಸಹಿ ಹಾಕಿದೆವು. ಮದುವೆಯಾಗದವರೂ, ಮಕ್ಕಳು ದೊಡ್ಡವರಾದವರೂ.

ಪಾಪುವಿಗೆ ಆರು ತಿಂಗಳು ತುಂಬಿತು. ಮೊಳಕೆ ಕಟ್ಟಿದ ರಾಗಿಯ ಸರಿ ಶುರು ಮಾಡಿದ್ದೇವೆ. ಎದೆಹಾಲು ಎರಡು ವರ್ಷದವರೆಗೆ, ಅದರಾಚೆಗೂ ಕೊಡಬಹುದು ಅನ್ನುತ್ತಾರೆ, ನನಗೂ ಅದೇ ಆಸೆ. ಕೋಣೆಯ ಪತ್ರಿಕೆಗಳನ್ನೆಲ್ಲ ಹೋದ ವಾರ ಖಾಲಿ ಮಾಡಿದರು. ಕೈ ಇರುವ ಒಂದು ಕುರ್ಚಿ, ಒಂದು ಚಾಪೆ, ಕಿಟಕಿಗೆ ಪರದೆ, ಕೈ ತೊಳೆಯಲು ಪಕ್ಕದಲ್ಲೇ ನಲ್ಲಿ. ಪ್ಲಗ್ ಪಾಯಿಂಟ್ ಇನ್ನೂ ಆಗಬೇಕು. ನಮ್ಮ ಇಂಗ್ಲಿಷ್ ಮೇಡಂ ಜೂನ್‌ನಲ್ಲಿ ರಜೆ ಮುಗಿಸಿ ಬರುತ್ತಾರೆ, ಅಷ್ಟರೊಳಗೆ ಎಲೆಕ್ಟ್ರಿಷಿಯನ್ ಕರೆಸುತ್ತೇವೆ ಅಂದಿದ್ದಾರೆ. ಬಾಗಿಲಿಗೆ ಹೊರಗಿನಿಂದ ಇದ್ದ ಬೀಗದ ಕೊಂಡಿ ತೆಗೆಸಿ, ಒಳಗಿನಿಂದ ಚಿಲಕ ಹಾಕಿಸಿದ್ದೇವೆ.